ವಿಶೇಷ ಪಡೆಯ ಮೊದಲ ಪಾಠ ಬ್ಯಾರಕ್ಕಿನಲ್ಲಿ

ಮಾನ್ಯ ಸಂಪಾದಕರಿಗೆ ವಂದನೆಗಳು.

ಅಮೆರಿಕದ ನೌಕಾಪಡೆಯ ಸೀಲ್ ಕಮಾಂಡೊಗಳು ಹೇಗೆ ತಯಾರಾಗುತ್ತಾರೆ ಎಂಬುದನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಸಚಿತ್ರ ಲೇಖನವನ್ನು ಎರಡು ಸಲ ಓದಿದೆ. ಕ್ಯಾಲಿಫೋರ್ನಿಯಾದ ಕೊರೊನಾಡೊ ಕಡಲತೀರದಲ್ಲಿ ತೋಳಿಗೆ ತೋಳು ಹೆಣೆದುಕೊಂಡು ಕೊರೆಯುವ ಅಲೆಗಳಿಗೆ ಮೈಯೊಡ್ಡಿ ಮಲಗಿರುವ ಯುವಕರು, ಹೆಗಲ ಮೇಲಿನ ಮರದ ದಿಮ್ಮಿ, ಇನ್ನು ನನ್ನಿಂದಾಗದು ಎಂದವನು ಮೂರು ಸಲ ಬಾರಿಸಿ ಹೊರನಡೆಯುವ ಗಂಟೆ, ಐದೂವರೆ ದಿನಗಳಲ್ಲಿ ಒಟ್ಟು ನಾಲ್ಕು ಗಂಟೆಯೂ ನಿದ್ದೆ ಸಿಗದ ‘ಹೆಲ್ ವೀಕ್’, ಇವೆಲ್ಲ ಇರುವಂಥವೇ. ಲೇಖಕರು ತಪ್ಪನ್ನೇನೂ ಬರೆದಿಲ್ಲ. ನನ್ನ ತಕರಾರು ಲೇಖನ ಶುರುವಾದ ಜಾಗದ ಬಗ್ಗೆ. ಅದನ್ನು ಓದಿದವರಿಗೆ, ಹುಡುಗನೊಬ್ಬ ಮನೆಯಿಂದ ಹೊರಟವನು ನೇರವಾಗಿ ಆ ಮರಳಿನ ಮೇಲೆ ಬಂದು ಬಿದ್ದನೇನೋ ಎಂಬ ಭಾವನೆ ಬರುತ್ತದೆ. ಆದರೆ ಅಲ್ಲಿಗೆ ಕಾಲಿಡುವ ಮೊದಲು ಆತ ಸೇನೆಗೆ ಸೇರುವ ಅಡುಗೆಯವನು, ಗುಮಾಸ್ತ, ಮೆಕ್ಯಾನಿಕ್ ಎಲ್ಲರೂ ದಾಟಬೇಕಾದ ಮೂಲ ತರಬೇತಿಯನ್ನು ದಾಟಿರಬೇಕು. ಆ ವಾರಗಳ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ವಿಶೇಷ ಪಡೆಯ ಕನಸು ಹೊತ್ತ ಎಷ್ಟೋ ಹುಡುಗರ ದಾರಿ ತಪ್ಪುವುದು ಅಲ್ಲಿಯೇ ಎಂದು ತಿಳಿದಿರುವುದರಿಂದ ಈ ದೀರ್ಘ ಪತ್ರವನ್ನು ಬರೆಯುತ್ತಿದ್ದೇನೆ.

ನಾನು 31 ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ನಿವೃತ್ತನಾದವನು, ಸೈನಿಕನಲ್ಲ. ಈ ವಿಷಯ ನನ್ನ ಮನೆಯೊಳಗೆ ಬಂದದ್ದು ಅಕ್ಕನ ಮಗನಿಂದ. ಅಮೆರಿಕದಲ್ಲೇ ಹುಟ್ಟಿ ಬೆಳೆದ ಅವನು 2021ರಲ್ಲಿ ಅಲ್ಲಿನ ಭೂಸೇನೆಗೆ ಸೇರಿದ. ಮೂಲ ತರಬೇತಿಯಲ್ಲಿ ಮೊಬೈಲ್ ಕೈಯಲ್ಲಿ ಇರಗೊಡುವುದಿಲ್ಲ, ಅಪರೂಪಕ್ಕೊಮ್ಮೆ ಕೆಲವೇ ನಿಮಿಷ ಮಾತನಾಡಲು ಕೊಡುತ್ತಾರೆ. ಹಾಗಾಗಿ ಈ ಕಾಲದ ಹುಡುಗನಾದರೂ ಅವನು ಕಾಗದ ಬರೆಯಬೇಕಾಯಿತು. ಅವನು ತಾಯಿಗೂ ನನಗೂ ಬರೆದ ಕಾಗದಗಳು ಈಗ ನನ್ನ ಮೇಜಿನ ಮೇಲಿವೆ. ಹೆಚ್ಚಿನವು ಪೆನ್ಸಿಲಿನಲ್ಲಿ, ದೀಪ ಆರಿಸಿದ ಮೇಲೆ ಹೊದಿಕೆಯೊಳಗೆ ಟಾರ್ಚ್ ಹಿಡಿದು ಬರೆದವು. ಸಾಲುಗಳು ಒಂದರ ಮೇಲೊಂದು ಹತ್ತಿಕೊಂಡಿವೆ.

ಮೊದಲು ದಾರಿಯನ್ನು ಹೇಳಿಬಿಡುತ್ತೇನೆ. ಜಗತ್ತಿನ ಹೆಚ್ಚಿನ ವಿಶೇಷ ಪಡೆಗಳು ಹೊರಗಿನವರನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲ. ಬ್ರಿಟನ್ನಿನ ಎಸ್‌ಎಎಸ್‌ನ ಕಾಯಂ ಪಡೆಗೆ ಹೋಗಬೇಕಾದರೆ ಮೊದಲು ಸೇನೆಯಲ್ಲಿ ಸೇವೆ ಮಾಡಿರಬೇಕು. ಅಮೆರಿಕದ ಮರೀನ್ ಪಡೆಯ ರೈಡರ್‌ಗಳ ವಿಷಯವೂ ಹಾಗೆಯೇ. ಆದರೆ ಅಮೆರಿಕದ ಭೂಸೇನೆಯಲ್ಲಿ ‘ಹದಿನೆಂಟು ಎಕ್ಸ್‌-ರೇ’ (18X) ಎಂಬ ಒಪ್ಪಂದವಿದೆ. ಗ್ರೀನ್ ಬೆರೆ ಎಂದು ಕರೆಯಲಾಗುವ ಸ್ಪೆಷಲ್ ಫೋರ್ಸಸ್‌ನ ಆಯ್ಕೆಗೆ ಹೋಗುವ ಅವಕಾಶವನ್ನು, ಅವಕಾಶವನ್ನಷ್ಟೇ, ಅದು ನಾಗರಿಕನೊಬ್ಬನಿಗೆ ಸೇರುವಾಗಲೇ ಬರೆದುಕೊಡುತ್ತದೆ. ಅಕ್ಕನ ಮಗನಂತೆ ಹಾಗೆ ಸೇರಿದವನು ಜಾರ್ಜಿಯಾದ ಫೋರ್ಟ್ ಬೆನ್ನಿಂಗ್‌ನಲ್ಲಿ ಪದಾತಿ ದಳದ ತರಬೇತಿಯನ್ನು ಪಡೆಯುತ್ತಾನೆ. ಮೂಲ ತರಬೇತಿ ಮತ್ತು ಪದಾತಿಯ ಕಸುಬು ಎರಡನ್ನೂ ಬೆಸೆದ ಈ ತರಬೇತಿ ಮೊದಲು 14 ವಾರಗಳದ್ದಾಗಿತ್ತು, 2018ರಿಂದ ಅದನ್ನು 22 ವಾರಗಳಿಗೆ ಹಿಗ್ಗಿಸಿದರು. ಅದು ಮುಗಿದ ಮೇಲೆ ಮೂರು ವಾರಗಳ ಪ್ಯಾರಾಶೂಟ್ ಶಾಲೆ ಮತ್ತು ಐದು ಜಿಗಿತ, ಆಮೇಲೆ ಒಂದು ಪೂರ್ವಸಿದ್ಧತಾ ಕೋರ್ಸ್, ಅಲ್ಲಿಂದಾಚೆಗೆ ಆಯ್ಕೆ. ನೌಕಾಪಡೆಯ ಸೀಲ್ ಆಕಾಂಕ್ಷಿ ಇಲಿನಾಯ್‌ನ ಗ್ರೇಟ್ ಲೇಕ್ಸ್‌ನಲ್ಲಿ, ಅಪಾಯದಲ್ಲಿ ಸಿಲುಕಿದ ಸೈನಿಕರನ್ನು ರಕ್ಷಿಸುವ ವಾಯುಪಡೆಯ ಪ್ಯಾರಾರೆಸ್ಕ್ಯೂ ತಂಡದ ಆಕಾಂಕ್ಷಿ ಟೆಕ್ಸಸ್‌ನ ಲ್ಯಾಕ್‌ಲ್ಯಾಂಡ್‌ನಲ್ಲಿ ತನ್ನ ಮೂಲ ತರಬೇತಿಯನ್ನು ಮುಗಿಸಬೇಕು.

ಮೊದಲ ದಿನಗಳಲ್ಲಿ ಓಟವೂ ಇಲ್ಲ, ಬಂದೂಕೂ ಇಲ್ಲ; ಇರುವುದೆಲ್ಲ ಸಾಲು. ತಲೆ ಬೋಳಿಸಲು ಸಾಲು, ಬೂಟಿನ ಅಳತೆಗೆ ಸಾಲು, ರಕ್ತ ಕೊಡಲು ಸಾಲು, ಹಲ್ಲು ತೋರಿಸಲು ಸಾಲು. ಎರಡೂ ತೋಳಿಗೆ ಲಸಿಕೆಗಳಾದ ಮೇಲೆ ಸೊಂಟದ ಕೆಳಗೆ ಪೆನಿಸಿಲಿನ್ ಚುಚ್ಚುತ್ತಾರೆ. ಆ ಔಷಧ ಎಷ್ಟು ಮಂದವೆಂದರೆ ಹುಡುಗರು ಅದಕ್ಕೆ ಪೀನಟ್ ಬಟರ್ ಎಂದೇ ಹೆಸರಿಟ್ಟಿದ್ದಾರೆ. ಅದು ಕರಗುವವರೆಗೆ ಕುಳಿತುಕೊಳ್ಳಲೂ ಆಗುವುದಿಲ್ಲ ಎಂದು ಇವನು ಬರೆದಿದ್ದ. ಜೊತೆಗೆ ಅಡಿನೋವೈರಸ್ ವಿರುದ್ಧ ಅಗಿಯದೆ ನುಂಗಬೇಕಾದ ಎರಡು ಗುಳಿಗೆಗಳು. ಈ ಗುಳಿಗೆಗಳದೇ ಒಂದು ಕಥೆಯಿದೆ. ಹತ್ತಾರು ಊರುಗಳಿಂದ ಬಂದ ಹುಡುಗರನ್ನು ಒಂದೇ ಕೋಣೆಯಲ್ಲಿ ಮಲಗಿಸಿದರೆ ಜ್ವರ, ಕೆಮ್ಮು ಕಾಡ್ಗಿಚ್ಚಿನಂತೆ ಹಬ್ಬುತ್ತದೆ ಎಂದು ಕಂಡುಕೊಂಡ ಸೇನೆ 1971ರಿಂದ ಇವನ್ನು ಕೊಡುತ್ತಿತ್ತು. ತಯಾರಕರು ಉತ್ಪಾದನೆ ನಿಲ್ಲಿಸಿದ್ದರಿಂದ 1999ರ ಹೊತ್ತಿಗೆ ದಾಸ್ತಾನು ಮುಗಿಯಿತು, ಕಾಯಿಲೆ ಮತ್ತೆ ತಲೆಯೆತ್ತಿತು, ಹೊಸ ತಯಾರಕರಿಂದ 2011ರಲ್ಲಿ ಗುಳಿಗೆ ಮರಳಿ ಬಂದ ಮೇಲೆ ತಗ್ಗಿತು. ಮುಂದೆ ಹಿಮದಲ್ಲೂ ಕಡಲಲ್ಲೂ ಕಾದಬೇಕೆಂದು ಹೊರಟ ಗಟ್ಟಿಮುಟ್ಟಾದ ಹುಡುಗನನ್ನು ಪಕ್ಕದ ಹಾಸಿಗೆಯವನ ಕೆಮ್ಮು ಎರಡು ವಾರ ಹಿಂದಕ್ಕೆ ತಳ್ಳಬಲ್ಲದು ಎಂಬುದನ್ನು ಯಾವ ವೀರಗಾಥೆಯೂ ಹೇಳುವುದಿಲ್ಲ.

ಡ್ರಿಲ್ ಸಾರ್ಜೆಂಟರ ಕೂಗಾಟವನ್ನು ಎಲ್ಲರೂ ಬಲ್ಲರು. ಬಸ್ಸಿನಿಂದ ಇಳಿಯುತ್ತಿದ್ದಂತೆ ನಾಲ್ಕು ಕಡೆಯಿಂದ ಮುಗಿಬಿದ್ದು ಅರಚುವ, ‘ಶಾರ್ಕ್ ಅಟ್ಯಾಕ್’ ಎಂದು ಹೆಸರಾಗಿದ್ದ ಆ ಸ್ವಾಗತವನ್ನು ಪದಾತಿ ಶಾಲೆ 2020ರಲ್ಲಿ ಕೈಬಿಟ್ಟು, ಹೊಸಬರು ಮೊದಲ ದಿನವೇ ಗುಂಪಾಗಿ ಸಾಮಾನು ಸಾಗಿಸುವ, ಒಗಟು ಬಿಡಿಸುವ ‘ಮೊದಲ ನೂರು ಗಜ’ ಎಂಬ ಕಾರ್ಯಕ್ರಮವನ್ನು ತಂದಿತು. ಹೆದರಿಸಿದರೆ ಹುಡುಗರು ಗಟ್ಟಿಯಾಗುತ್ತಾರೆಂಬ ನಂಬಿಕೆಯನ್ನು ಸೇನೆಯೇ ಮರುಪರಿಶೀಲಿಸಿದ್ದು ನನ್ನಂಥ ಹಳೆಯ ಮೇಷ್ಟ್ರಿಗೆ ಸಮಾಧಾನ ಕೊಟ್ಟ ಸಂಗತಿ. ಹಾಗೆಂದು ಕೂಗಾಟ ನಿಂತಿಲ್ಲ. ಹಾಸಿಗೆಯ ಮಡಿಕೆ ಓರೆಯಾದರೆ ಕೂಗು, ಬೀಗ ಹಾಕದ ಪೆಟ್ಟಿಗೆ ಸಿಕ್ಕರೆ ಕೂಗು, ಒಬ್ಬ ನೀರಿನ ಬಾಟಲಿ ಮರೆತರೆ ಇಡೀ ಪ್ಲಟೂನ್ ನೆಲದ ಮೇಲೆ. ಇವನ ಪ್ಲಟೂನಿನಲ್ಲಿ ವಿಶೇಷ ಪಡೆಯ ಒಪ್ಪಂದವಿದ್ದವರು ಯಾರೆಂದು ಸಾರ್ಜೆಂಟರಿಗೆ ಮೊದಲ ವಾರದಲ್ಲೇ ಗೊತ್ತಾಗಿತ್ತು. ಅಂದಿನಿಂದ ಕಕ್ಕಸು ತೊಳೆಯುವ ಪಾಳಿಯಲ್ಲಿ ಅವರ ಹೆಸರು ತಪ್ಪಲಿಲ್ಲ. ನೌಕಾಪಡೆಯಲ್ಲಿ ಇಂಥ ಆಕಾಂಕ್ಷಿಗಳನ್ನು ಒಟ್ಟಿಗೆ ಕೂಡಿಸಿದ ಪ್ರತ್ಯೇಕ ಡಿವಿಷನ್‌ಗಳಿವೆ. ಆದರೂ ನೆಲ ಒರೆಸುವುದು, ಬಟ್ಟೆಯನ್ನು ಅಳತೆಗೆ ಮಡಿಸುವುದು ಅವರಿಗೂ ತಪ್ಪಿದ್ದಲ್ಲ.

ನಮ್ಮ ಹುಡುಗರಿಗೆ ಅತ್ಯಂತ ಅನಿರೀಕ್ಷಿತವಾಗಿ ತೋರುವ ಸಂಗತಿಯೊಂದಿದೆ. ಚೆನ್ನಾಗಿ ತಯಾರಾಗಿ ಹೋದವನ ಮೈ ಮೂಲ ತರಬೇತಿಯಲ್ಲಿ ಕಳೆಗುಂದುತ್ತದೆ. ಸೀಲ್ ಒಪ್ಪಂದ ಬೇಕೆನ್ನುವವನು 500 ಗಜ ಈಜನ್ನು ಹನ್ನೆರಡೂವರೆ ನಿಮಿಷದಲ್ಲಿ, ಎರಡೆರಡು ನಿಮಿಷಗಳಲ್ಲಿ 50 ಪುಷ್‌ಅಪ್ ಮತ್ತು 50 ಸಿಟ್‌ಅಪ್, ಬಾರಿಗೆ ಜೋತು 10 ಪುಲ್‌ಅಪ್, ಒಂದೂವರೆ ಮೈಲಿ ಓಟವನ್ನು ಹತ್ತೂವರೆ ನಿಮಿಷದಲ್ಲಿ ಮುಗಿಸಬೇಕು. ಇದು ಕನಿಷ್ಠ ಮಟ್ಟ. ನಿಜವಾಗಿ ನಿಲ್ಲಬೇಕೆಂದವರು ಇದರ ಬಹಳ ಮುಂದಿರುತ್ತಾರೆ. ಆದರೆ ಮೂಲ ತರಬೇತಿಯನ್ನು ರೂಪಿಸಿರುವುದು ಓಡಿಯೇ ಗೊತ್ತಿಲ್ಲದ ಹದಿನೆಂಟರ ಹುಡುಗನನ್ನು ಸಾಧಾರಣ ಸೈನಿಕನ ಮಟ್ಟಕ್ಕೆ ತರಲು. ದಿನಕ್ಕೆ ಹದಿನಾರು ಗಂಟೆ ಕಾಲಿನ ಮೇಲೆ ನಿಂತಿದ್ದರೂ ಅದರಲ್ಲಿ ಬಹುಪಾಲು ನಿಲ್ಲುವುದು, ಕಾಯುವುದು, ಪಾಠ ಕೇಳುವುದು, ಬಂದೂಕು ಒರೆಸುವುದು. ಊಟಕ್ಕೆ ಸಿಗುವ ಸಮಯ ಕೆಲವೇ ನಿಮಿಷ. ನಿದ್ದೆಗೆ ನಿಯಮದಲ್ಲಿ ಏಳು ಗಂಟೆ ಇದ್ದರೂ ಅದರ ನಡುವೆ ಸರದಿಯ ಮೇಲೆ ಎದ್ದು ಒಂದು ಗಂಟೆ ಬ್ಯಾರಕ್ ಕಾಯಬೇಕು. “ಬರುವಾಗ ಇಪ್ಪತ್ತೆರಡು ಪುಲ್‌ಅಪ್ ತೆಗೆಯುತ್ತಿದ್ದೆ, ಮಾವ, ಈಗ ಹದಿನಾಲ್ಕಕ್ಕೆ ಕೈ ಸೋಲುತ್ತಿದೆ” ಎಂಬ ಅಳುಕು ನಾಲ್ಕನೆಯ ವಾರದ ಕಾಗದದಲ್ಲೇ ಇತ್ತು. ಈ ನಷ್ಟವನ್ನು ಪಡೆಗಳೂ ಬಲ್ಲವು. ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ಮೂಲ ತರಬೇತಿಗೂ ಆಯ್ಕೆಗೂ ನಡುವೆ ಸಿದ್ಧತಾ ಕೋರ್ಸ್‌ಗಳನ್ನು ಇಟ್ಟಿರುವುದಕ್ಕೆ ಇದೂ ಒಂದು ಕಾರಣ. ಅಂದರೆ ಕಳೆದುಹೋದ ಕಸುವನ್ನು ಮರಳಿ ತುಂಬಿಕೊಳ್ಳಲು ವ್ಯವಸ್ಥೆ ಇದೆ. ಆದರೆ ಹುಡುಗರಿಗೆ ಅಷ್ಟು ತಾಳ್ಮೆ ಇರುವುದಿಲ್ಲ, ಇವನಿಗೂ ಇರಲಿಲ್ಲ.

ದೀಪ ಆರಿದ ಮೇಲೆ ಎರಡು ಮಂಚಗಳ ನಡುವೆ ಇವನೂ ಇನ್ನಿಬ್ಬರೂ ಗುಟ್ಟಾಗಿ ಬಸ್ಕಿ ಹೊಡೆಯತೊಡಗಿದರು. ಹಗಲಿನ ನಡಿಗೆ, ಓಟಗಳ ಮೇಲೆ ಇದೂ ಸೇರಿ ಆರನೆಯ ವಾರದಲ್ಲಿ ಎಡ ಕಣಕಾಲಿನ ಮೂಳೆಯ ಮೇಲೆ ರೂಪಾಯಿ ಬಿಲ್ಲೆಯಷ್ಟು ಅಗಲದ ಜಾಗದಲ್ಲಿ ನೋವು ಶುರುವಾಯಿತು. ಬೆಳಿಗ್ಗೆ ಬೂಟು ಕಟ್ಟುವಾಗ ಆ ಜಾಗಕ್ಕೆ ಬೆರಳು ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತಂತೆ. ಅದಕ್ಕೆ ಅವನು ಕಂಡುಕೊಂಡ ಉಪಾಯವೆಂದರೆ ಎರಡು ಜೊತೆ ಕಾಲುಚೀಲ ಹಾಕಿ, ಲೇಸನ್ನು ಅಷ್ಟು ಜಾಗ ಬಿಟ್ಟು ಕಟ್ಟುವುದು, ಸಾರ್ಜೆಂಟರು ನೋಡುವಾಗ ನೇರವಾಗಿ ನಡೆಯುವುದು, ನೋಡದಿದ್ದಾಗ ಕುಂಟುವುದು. ವೈದ್ಯರ ಬಳಿ ಹೋದರೆ ಹಿಂದೆ ಬೀಳುತ್ತೇನೆ, ಹಿಂದೆ ಬಿದ್ದರೆ ಒಪ್ಪಂದ ಹೋಗುತ್ತದೆ ಎಂಬ ಭಯ. ಹನ್ನೆರಡು ದಿನ ಹಾಗೆ ಕಳೆದ. ಹದಿಮೂರನೆಯ ದಿನ ಬೆನ್ನಿಗೆ ಚೀಲ ಹೊತ್ತ ನಡಿಗೆಯಲ್ಲಿ ಕಾಲು ನೆಲಕ್ಕೆ ಊರಲು ಆಗದೆ ಕುಸಿದ.

ಅದು ಒತ್ತಡದ ಬಿರುಕು. ಸೇನೆಗಳಿಗೆ ಇದು ಹೊಸತಲ್ಲ. ದೂರ ನಡೆದ ಸಿಪಾಯಿಗಳ ಊದಿದ ಪಾದಗಳನ್ನು ಕುರಿತು ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲಿಯೇ ಬರೆದಿದ್ದ. ಎಕ್ಸ್‌-ರೇ ಬಂದ ಮೇಲಷ್ಟೇ ಅಲ್ಲಿರುವುದು ಮೂಳೆಯ ಬಿರುಕು ಎಂದು ತಿಳಿಯಿತು. ಮೂಳೆ ಜೀವಂತ ವಸ್ತು. ಹೊಸ ಭಾರ ಬಿದ್ದಾಗ ಅದು ಹಳೆಯದನ್ನು ಕೆರೆದು ತೆಗೆದು ಹೊಸದನ್ನು ಕಟ್ಟಿಕೊಳ್ಳುತ್ತದೆ. ಕೆರೆಯುವ ಕೆಲಸ ಬೇಗ ಮುಗಿಯುತ್ತದೆ, ಕಟ್ಟುವ ಕೆಲಸಕ್ಕೆ ವಾರಗಳು, ತಿಂಗಳುಗಳು ಹಿಡಿಯುತ್ತವೆ. ಆದ್ದರಿಂದ ತರಬೇತಿಯ ಮೊದಲ ವಾರಗಳಲ್ಲಿ ಮೂಳೆ ಬಲಗೊಳ್ಳುವ ಬದಲು ಸ್ವಲ್ಪ ಕಾಲ ದುರ್ಬಲವಾಗಿಯೇ ಇರುತ್ತದೆ. ಸ್ನಾಯುವಿಗೂ ಉಸಿರಿಗೂ ಅಷ್ಟರಲ್ಲಿ ಕಸುವು ಬಂದಿರುವುದರಿಂದ ಹುಡುಗನಿಗೆ ತಾನು ಇನ್ನಷ್ಟು ಓಡಬಲ್ಲೆ ಎನಿಸುತ್ತದೆ; ಮೂಳೆ ಮಾತ್ರ ಇನ್ನೂ ಸಿದ್ಧವಿರುವುದಿಲ್ಲ. ಸೇನೆ ನಡಿಗೆಯ ದೂರವನ್ನೂ ಚೀಲದ ತೂಕವನ್ನೂ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು ಈ ಕಾರಣಕ್ಕೆ. ಅತ್ಯುತ್ಸಾಹಿಗಳಿಗೆ ಸಪ್ಪೆಯಾಗಿ ಕಾಣುವ ಆ ನಿಧಾನದಲ್ಲಿ ನೂರೈವತ್ತು ವರ್ಷಗಳ ಅನುಭವವಿದೆ ಎಂದು ನಾನು ಅವನಿಗೆ ಬರೆದೆ. ಕಾಗದ ತಲುಪುವ ಹೊತ್ತಿಗೆ ಅವನು ಊರುಗೋಲಿನ ಮೇಲಿದ್ದ.

ಅವನ ಒಪ್ಪಂದವೇನೂ ಹೋಗಲಿಲ್ಲ. ವಾಸಿಯಾದ ಮೇಲೆ ಹಿಂದಿನಿಂದ ಬರುತ್ತಿದ್ದ ಮತ್ತೊಂದು ಕಂಪನಿಗೆ ಸೇರಿಸಿದರು; ಸೈನಿಕರ ಮಾತಿನಲ್ಲಿ ಇದಕ್ಕೆ ‘ರಿಸೈಕಲ್’ ಆಗುವುದು ಎನ್ನುತ್ತಾರೆ. ಪರಿಚಿತ ಮುಖಗಳೆಲ್ಲ ಮುಂದೆ ಹೋಗಿ, ಅದೇ ಪಾಠಗಳನ್ನು ಅಪರಿಚಿತರ ನಡುವೆ ಮತ್ತೆ ಕೇಳಬೇಕಾದ ಆ ಅವಧಿಯೇ ತನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು ಎಂದು ಅವನು ಇಂದಿಗೂ ಹೇಳುತ್ತಾನೆ. ಎರಡನೆಯ ಸಲದ ಕಾಗದಗಳ ಧಾಟಿ ಬೇರೆ. ಪುಲ್‌ಅಪ್‌ಗಳ ಲೆಕ್ಕ ನಿಂತುಹೋಗಿ, ಪಕ್ಕದ ಮಂಚದ ಹುಡುಗನಿಗೆ ನಕ್ಷೆ ಓದಲು ಬಾರದಿದ್ದುದು, ಅವನಿಗೆ ಕಲಿಸಲು ಎರಡು ಸಂಜೆ ಹಿಡಿದದ್ದು, ಬೊಬ್ಬೆ ಬರುವ ಮುನ್ನವೇ ಅಂಗಾಲಿಗೆ ಪಟ್ಟಿ ಹಚ್ಚಿಕೊಳ್ಳುವ ಕ್ರಮ, ಒದ್ದೆ ಕಾಲುಚೀಲವನ್ನು ಅಂಗಿಯೊಳಗೆ ಮೈಗೆ ತಾಗಿಸಿ ಒಣಗಿಸುವ ಬಗೆ, ಇಂಥ ಸಣ್ಣ ವಿವರಗಳೇ ತುಂಬಿವೆ.

ಈ ವಿವರಗಳಿಗೆ ಮುಂದೆ ಎಂಥ ಬೆಲೆ ಬರುತ್ತದೆ ಎಂಬುದನ್ನು ಹೇಳಲೇಬೇಕು. ಗ್ರೀನ್ ಬೆರೆ ಆಯ್ಕೆ ನಡೆಯುವುದು ನಾರ್ತ್ ಕ್ಯಾರೊಲೈನಾದ ಕ್ಯಾಂಪ್ ಮೆಕಾಲ್‌ನಲ್ಲಿ, ಸುಮಾರು ಮೂರು ವಾರ. ಅಲ್ಲಿ ಕೂಗುವವರಿಲ್ಲ. ಎಲ್ಲಿ, ಎಷ್ಟು ಹೊತ್ತಿಗೆ, ಏನು ಹೊತ್ತು ಬರಬೇಕು ಎಂದು ಒಂದು ಹಲಗೆಯ ಮೇಲೆ ಬರೆದಿರುತ್ತದೆ, ಅಷ್ಟೇ. ಮೆಚ್ಚುಗೆಯೂ ಇಲ್ಲ, ಬೈಗುಳವೂ ಇಲ್ಲ. ಚೆನ್ನಾಗಿ ಮಾಡಿದೆನೇ ಎಂದು ಕೇಳಿದರೆ ಉತ್ತರವೂ ಇಲ್ಲ. ಅನ್ನ ನೀರಿನ ತೂಕ ಬಿಟ್ಟು ಇಪ್ಪತ್ತು ಕಿಲೊದಷ್ಟು ಚೀಲ ಹೊತ್ತು, ನಕ್ಷೆ ಮತ್ತು ದಿಕ್ಸೂಚಿ ಹಿಡಿದು, ರಸ್ತೆಯ ಮೇಲೆ ನಡೆಯುವಂತಿಲ್ಲ ಎಂಬ ಕಟ್ಟಪ್ಪಣೆಯೊಂದಿಗೆ ಅಭ್ಯರ್ಥಿ ರಾತ್ರಿಯಲ್ಲಿ ಒಬ್ಬನೇ ಕಾಡು, ಜೌಗು ದಾಟಿ ಗುರುತುಗಳನ್ನು ಹುಡುಕಬೇಕು. ಮೂಲ ತರಬೇತಿಯಲ್ಲಿ ಕಾಲುಚೀಲ ಬದಲಿಸು ಎಂದು ಹೇಳಲು ಒಬ್ಬರಿದ್ದರು, ನೀರು ಕುಡಿ ಎಂದು ಗದರಿಸಲು ಒಬ್ಬರಿದ್ದರು. ಇಲ್ಲಿ ಯಾರೂ ಇಲ್ಲದಾಗ ಅವನು ಅದನ್ನು ಮಾಡುತ್ತಾನೋ ಇಲ್ಲವೋ ಎಂದು ದೂರದಿಂದ ಗುರುತು ಹಾಕಿಕೊಳ್ಳುತ್ತಾರೆ. ತಂಡದ ಸರದಿ ಬಂದಾಗ, ಮುರಿದ ಗಾಡಿಯನ್ನೋ ಭಾರವಾದ ಕಂಬಗಳನ್ನೋ ಹೊತ್ತೊಯ್ಯುವಾಗ ಹೆಗಲು ಕೊಡುವವನು ಯಾರು, ಕೊಟ್ಟಂತೆ ನಟಿಸುವವನು ಯಾರು ಎಂಬುದೂ ಬಯಲಾಗುತ್ತದೆ. ಆ ಗುಣ ರೂಪುಗೊಂಡದ್ದು ಕಕ್ಕಸು ತೊಳೆಯುವ ಪಾಳಿಯಲ್ಲಿ ಎಂದರೆ ಓದುಗರಿಗೆ ಅತಿಶಯೋಕ್ತಿ ಎನಿಸಬಹುದು; ಅವನ ಕಾಗದಗಳನ್ನು ಓದಿದ ನನಗೆ ಹಾಗೆ ಅನಿಸುವುದಿಲ್ಲ.

ಅಕ್ಕನ ಮಗ ಆಯ್ಕೆಯ ಪರೀಕ್ಷೆಗಳನ್ನು ಕೊನೆಯವರೆಗೆ ಮುಗಿಸಿದ, ಆದರೆ ಆಯ್ಕೆಯಾಗಲಿಲ್ಲ. ಕೊನೆಯ ದಿನದವರೆಗೆ ನಿಂತವರನ್ನೂ ಹೀಗೆ ಮರಳಿ ಕಳುಹಿಸುವುದುಂಟು. ಅವನು ಒಪ್ಪಂದದಂತೆ ಸಾಮಾನ್ಯ ಪದಾತಿ ಸೈನಿಕನಾಗಿ ಸೇವೆ ಮುಂದುವರಿಸಿದ. ಲೇಖನದಲ್ಲಿ ಬಿಟ್ಟುಹೋಗಿದ್ದ ಮತ್ತೊಂದು ಮಾತು ಇದೇ. ಸೀಲ್ ತರಬೇತಿಗೆ ಇಳಿದ ಹತ್ತರಲ್ಲಿ ಏಳೆಂಟು ಮಂದಿ ದಡ ಸೇರುವುದಿಲ್ಲ. ಅವರು ಮನೆಗೆ ಹೋಗುವುದಿಲ್ಲ, ಸೇವೆಯ ಅವಧಿ ಬಾಕಿ ಇರುತ್ತದೆ, ಪಡೆಗೆ ಅಗತ್ಯವಿರುವ ಯಾವುದೋ ಕೆಲಸಕ್ಕೆ ಹೋಗುತ್ತಾರೆ. ಹಾಗಾಗಿ ಸಹಿ ಹಾಕುವವನು ಮೂಲ ತರಬೇತಿ ಹೇಳಿಕೊಡುವ ಸಾಧಾರಣ ಸೈನಿಕನ ಬದುಕನ್ನೂ ಬಾಳಲು ಒಪ್ಪಿ ಸಹಿ ಹಾಕಬೇಕು. ಅದು ತನಗೆ ಬೇಡ ಎನ್ನುವವನು ಸೇರದಿರುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟೆಲ್ಲ ಬರೆಯಲು ಪ್ರಚೋದನೆಯಾದದ್ದು ತಮ್ಮ ಲೇಖನ ಬಂದ ಮರುದಿನ ನನ್ನನ್ನು ಹುಡುಕಿಕೊಂಡು ಬಂದ ಮೂವರು ಹುಡುಗರು. ಮೂವರಿಗೂ ಹದಿನೇಳು ದಾಟಿಲ್ಲ. ಲೇಖನದಲ್ಲಿದ್ದಂತೆ ನಾಲ್ಕು ದಿನ ನಿದ್ದೆಗೆಟ್ಟು, ಮೈಗೆ ತಣ್ಣೀರು ಸುರಿದುಕೊಂಡು, ಮರದ ತುಂಡು ಹೊತ್ತು ಓಡುತ್ತೇವೆ, ತಾವು ಸಮಯ ನೋಡಿಕೊಳ್ಳಬೇಕು ಎಂದು ಕೇಳಿದರು. ಹುಡುಗರ ಕಣ್ಣಿನಲ್ಲಿದ್ದ ಆಸೆ ಶುದ್ಧವಾದದ್ದು, ಅದನ್ನು ನಾನು ಗೌರವಿಸುತ್ತೇನೆ. ಆದರೆ ವೈದ್ಯರು, ಆಂಬುಲೆನ್ಸ್, ಆಮ್ಲಜನಕ ಎಲ್ಲ ಹತ್ತಿರವೇ ಇರುವ ಕೊರೊನಾಡೊದಲ್ಲಿಯೇ 2022ರ ಫೆಬ್ರವರಿಯಲ್ಲಿ ಹೆಲ್ ವೀಕ್ ಮುಗಿಸಿದ 24 ವರ್ಷದ ಅಭ್ಯರ್ಥಿಯೊಬ್ಬ ಕೆಲವೇ ಗಂಟೆಗಳಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಆ ಬಳಿಕ ಹೆಲ್ ವೀಕ್ ಮುಗಿಸಿದವರ ಮೇಲೆ ವೈದ್ಯಕೀಯ ನಿಗಾ ಬಿಗಿಗೊಂಡಿತು. ಅತಿಯಾದ ಕಸರತ್ತಿನಿಂದ ಸ್ನಾಯು ಒಡೆದು ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ, ಮೂತ್ರಪಿಂಡ ಕೆಡುವ ಅಪಾಯವನ್ನು ಆ ಮೂವರಿಗೆ ವಿವರಿಸಿ ಹೇಳಿದೆ. ಅವರಲ್ಲಿ ಒಬ್ಬ, “ಹಾಗಾದರೆ ಶುರು ಮಾಡುವುದು ಎಲ್ಲಿಂದ, ಸರ್?” ಎಂದು ಕೇಳಿದ. ವಾರಕ್ಕೆ ಹತ್ತು ಹದಿನೈದು ಕಿಲೋಮೀಟರ್ ನಿಧಾನ ಓಟದಿಂದ, ಚೀಲವಿಲ್ಲದ ನಡಿಗೆಯಿಂದ, ಈಜು ಬರದಿದ್ದರೆ ಈಜಿನಿಂದ, ರಾತ್ರಿ ಎಂಟು ಗಂಟೆಯ ನಿದ್ದೆಯಿಂದ ಎಂದೆ. ಮುಖ ಸಪ್ಪಗಾದದ್ದು ಕಂಡಿತು. ಇಬ್ಬರು ಆಮೇಲೆ ಬರಲಿಲ್ಲ. ಕೇಳಿದ ಹುಡುಗ ಮೂರು ವಾರಗಳಿಂದ ಬರುತ್ತಿದ್ದಾನೆ, ಮೊನ್ನೆ ಕಣಕಾಲು ಸ್ವಲ್ಪ ನೋಯುತ್ತಿದೆ ಎಂದು ತಾನಾಗಿಯೇ ಹೇಳಿದ, ಎರಡು ದಿನ ಓಟ ಬಿಡಿಸಿದ್ದೇನೆ.

ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಈ ಲೇಖನಕ್ಕೆ ಮುಂದಿನ ಕಂತು ಇದ್ದರೆ, ಅಥವಾ ಇಲ್ಲದಿದ್ದರೂ ಒಂದನ್ನು ಬರೆಸಿ, ಗ್ರೇಟ್ ಲೇಕ್ಸ್ ಮತ್ತು ಫೋರ್ಟ್ ಬೆನ್ನಿಂಗ್‌ನ ಆ ಮಂಕು ವಾರಗಳಿಗೂ ಒಂದು ಪುಟ ಕೊಡಿ. ಅಲೆಗಳ ಚಿತ್ರದ ಪಕ್ಕದಲ್ಲಿ ಸಾಲಾಗಿ ಜೋಡಿಸಿದ ಮಂಚಗಳ, ಅಂಗಾಲಿಗೆ ಪಟ್ಟಿ ಹಚ್ಚಿಕೊಳ್ಳುತ್ತಿರುವ ಹುಡುಗನ ಚಿತ್ರವೂ ಬರಲಿ. ನೋವನ್ನು ಮುಚ್ಚಿಡದೆ ಮೊದಲ ದಿನವೇ ವೈದ್ಯರಿಗೆ ಹೇಳಬೇಕೆಂಬ ಮಾತನ್ನು, ಸಾಧ್ಯವಾದರೆ ಸೇನಾ ವೈದ್ಯರೊಬ್ಬರಿಂದಲೇ, ಎದ್ದು ಕಾಣುವಂತೆ ಅಚ್ಚು ಮಾಡಿಸಿ. ಅಕ್ಕನ ಮಗನ ಕಾಗದಗಳು ಬೇಕಿದ್ದರೆ ಅವನ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಪ್ರತಿ ಮಾಡಿಸಿ ಕಳುಹಿಸಿಕೊಡಲು ಸಿದ್ಧನಿದ್ದೇನೆ.

ಇಂತಿ,
ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ